ಗೇರ್ ಆಯಿಲ್ ಬದಲಿಸೋದು ಚಳಿ ಬರೋಕೆ ಮುಂಚೆ

ಹಿಮ ಬೀಳೋ ಕಾಲ ಹತ್ತಿರ ಬಂತು ಅಂದ್ರೆ ಔಟ್‌ಬೋರ್ಡ್ ಮೋಟಾರ್ (ಬೋಟಿನ ಹಿಂಬದಿಗೆ ಹೊರಗಿಂದ ಕೂರಿಸೋ ಇಂಜಿನ್) ಇಟ್ಕೊಂಡವರು ಮೊದಲು ಕೇಳೋದು, "ಒಳಗಿನ ನೀರು ಹೆಪ್ಪುಗಟ್ಟದಂತೆ ಆಂಟಿಫ್ರೀಜ್ ದ್ರವ ಎಷ್ಟು ಹಾಕ್ಬೇಕು?" ನನ್ನ ಮಟ್ಟಿಗೆ, ಬಹುತೇಕ ಔಟ್‌ಬೋರ್ಡ್‌ಗಳಿಗೆ ಅದರ ಗೊಡವೆಯೇ ಬೇಡ. ಮೋಟಾರನ್ನು ನೆಟ್ಟಗೆ ನಿಲ್ಲಿಸಿದ್ರೆ ಕೂಲಿಂಗ್ ನೀರು ತಾನಾಗೇ ಇಳಿದುಹೋಗುತ್ತೆ. ಬೋಟಿನ ಹೊಟ್ಟೆಯೊಳಗೆ ಇಂಜಿನ್ ಇರೋರ ಸಮಸ್ಯೆ ಬೇರೆ, ಅಲ್ಲಿ ಇಂಜಿನ್ನಿನ ಲೋಹದ ಬ್ಲಾಕ್‌ನಲ್ಲಿ ನೀರು ನಿಲ್ಲುತ್ತೆ.

ಔಟ್‌ಬೋರ್ಡ್‌ನಲ್ಲಿ ಒಡೆಯೋದು ಕೆಳಗಿನ ಗೇರ್‌ಕೇಸ್, ಅಂದ್ರೆ ಪ್ರೊಪೆಲ್ಲರ್ ತಿರುಗಿಸೋ ಗೇರ್, ಅದರ ಆಯಿಲ್ ಇರೋ ಪೆಟ್ಟಿಗೆ. ಪ್ರೊಪೆಲ್ಲರ್ ಶಾಫ್ಟ್‌ಗೆ ಮೀನಿನ ಗಾಳದ ದಾರ ಸುತ್ತಿಕೊಂಡು, ನೀರು ಒಳಗೆ ಬರದಂತೆ ತಡೆಯೋ ಸೀಲ್ ಕೊಯ್ದಿರುತ್ತೆ. ಹೊರಗಿಂದ ಏನೂ ಕಾಣಲ್ಲ. ಒಳಗೆ ಸೇರಿದ ನೀರು ಆಯಿಲ್‌ಗಿಂತ ಭಾರ, ತಳ ಹಿಡಿಯುತ್ತೆ. ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತೆ, ಅಲ್ಯೂಮಿನಿಯಂ ಸೀಳುತ್ತೆ. ಅದಕ್ಕೇ "ಆಯಿಲ್ ತಾನೇ, ಚಳಿ ಮುಗಿದ ಮೇಲೆ ನೋಡೋಣ" ಅನ್ನೋದು ತಪ್ಪು. ಅಷ್ಟೊತ್ತಿಗೆ ಆಗೋದು ಆಗಿಹೋಗಿರುತ್ತೆ.

ಮೋಟಾರ್ ನೆಟ್ಟಗಿರಲಿ, ಕೆಳಗೊಂದು ಟ್ರೇ ಇಡಿ. ಮೊದಲು ತಳದ ಸ್ಕ್ರೂ, ಆಮೇಲೆ ಮೇಲಿನ ಗಾಳಿ ಸ್ಕ್ರೂ ಬಿಚ್ಚಿ. ಮೊದಲು ಏನು ಇಳಿಯುತ್ತೆ ಅಂತ ಗಮನಿಸಿ: ಬರೀ ನೀರು ಬಂದ್ರೂ, ಹಾಲು ಹಾಕಿದ ಕಾಫಿ ಬಣ್ಣದ ಆಯಿಲ್ ಬಂದ್ರೂ ಹೆಚ್ಚಾಗಿ ಸೀಲ್ ಹೋಗಿದೆ ಅಂತಲೇ. ಸ್ಕ್ರೂ ತುದಿಯ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣುಪಾದ ಪೇಸ್ಟ್ ಇದ್ರೆ ಚಿಂತೆಯಿಲ್ಲ, ಲೋಹದ ಚೂರಿದ್ರೆ ಗೇರ್ ಬಿಚ್ಚಿಸಬೇಕು.

ತುಂಬೋದು ಕೆಳಗಿಂದಲೇ, ಪಂಪ್ ಹಾಕಿ. ಮೇಲಿನ ತೂತಿನಿಂದ ಗುಳ್ಳೆ ನಿಂತು ಬರೀ ಆಯಿಲ್ ಬರೋವರೆಗೂ. ಮೊದಲು ಮೇಲಿನ ಸ್ಕ್ರೂ ಬಿಗಿ ಮಾಡಿ, ಆಮೇಲೆ ಪಂಪ್ ತೆಗೆದು ತಕ್ಷಣ ಕೆಳಗಿನದ್ದು. ಕ್ರಮ ತಪ್ಪಿದ್ರೆ ಆಯಿಲ್ ಎಲ್ಲಾ ಕೈ ಮೇಲೆ. ಸ್ಕ್ರೂಗಳ ವಾಷರ್ ಎರಡೂ ಹೊಸದೇ ಆಗಬೇಕು. ಹಳೇದನ್ನೇ ಕೂರಿಸಿದ್ರೆ ಅಲ್ಲಿಂದಲೇ ಮತ್ತೆ ನೀರು. ನೀರು ಸಿಕ್ಕಿದ್ದರೆ ಸೀಲ್ ಬದಲಿಸದೆ ಮತ್ತೆ ನೀರಿಗಿಳಿಸಬೇಡಿ.

ಇನ್ನೊಂದು ಕೆಟ್ಟ ಅಭ್ಯಾಸ, ಚಳಿಗಾಲವಿಡೀ ಮೋಟಾರನ್ನು ಪ್ರೊಪೆಲ್ಲರ್ ಮೇಲಾಗುವಂತೆ ಓರೆಯಾಗಿ ಎತ್ತಿ ನಿಲ್ಲಿಸೋದು. ಎಕ್ಸಾಸ್ಟ್ ಹೊಗೆ ಪ್ರೊಪೆಲ್ಲರ್ ನಡುವಿಂದ ಹೊರಬರೋ ಮೋಟಾರ್ ಆದ್ರೆ, ಮಳೆ, ಕರಗಿದ ಹಿಮ ಅದೇ ದಾರಿಯಲ್ಲಿ ಒಳಗಿಳಿದು ಹೆಪ್ಪುಗಟ್ಟುತ್ತೆ.

ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಡಿ. ಖಾಲಿಯಾದ ಲೆಡ್-ಆಸಿಡ್ ಬ್ಯಾಟರಿ ಮೈನಸ್ 7 ಡಿಗ್ರಿ ಹೊತ್ತಿಗೇ ಹೆಪ್ಪುಗಟ್ಟಬಹುದು. ಪೆಟ್ರೋಲ್ ಕೆಡದಂತೆ ಅದಕ್ಕೆ ಸ್ಟೆಬಿಲೈಜರ್ ಹಾಕಿ, ಸಿಹಿನೀರಿನ ಪೈಪ್ ಜೋಡಿಸಿ 10 ನಿಮಿಷ ಓಡಿಸಿದ್ರೆ ಉಪ್ಪೂ ತೊಳೆಯುತ್ತೆ, ಸ್ಟೆಬಿಲೈಜರ್ ಕಾರ್ಬ್ಯುರೇಟರ್‌ವರೆಗೂ ತಲುಪುತ್ತೆ.

ಕೊರೆಯೋ ಚಳಿಯಲ್ಲೂ ಬೋಟ್ ಇಳಿಸೋರಿಗೆ ಒಂದು ಮಾತು. ವಾಟರ್ ಪಂಪ್‌ನಲ್ಲಿ ಉಳಿದ ಹನಿ ಹೆಪ್ಪುಗಟ್ಟಿದ್ರೆ ನೀರು ತಳ್ಳೋ ರಬ್ಬರ್ ಚಕ್ರ (ಇಂಪೆಲ್ಲರ್) ಅಂಟಿಕೊಂಡಿರುತ್ತೆ, ಸ್ಟಾರ್ಟ್ ಮಾಡಿದ ಕ್ಷಣವೇ ಅದರ ರೆಕ್ಕೆ ಹರಿಯುತ್ತೆ. ಮೊದಲು ಗೇರ್‌ಕೇಸನ್ನು ಸ್ವಲ್ಪ ಹೊತ್ತು ಕೆರೆ ನೀರಲ್ಲಿ ಮುಳುಗಿಸಿಡಿ, ಆಮೇಲೆ ಕೀ ತಿರುಗಿಸಿ.