ಕಟ್ಟಡದ ಮೈತುಂಬ ಜಾಹೀರಾತು

ಕೇಳುಗರಿಗೆ ನಮಸ್ಕಾರ.

ರಸ್ತೆಬದಿಯ ಕಂಬದ ಮೇಲೆ ಜಾಹೀರಾತು ಫಲಕವಿದ್ದರೆ ಬೇಡವಾದವರು ಮುಖ ತಿರುಗಿಸಿ ನಡೆದುಬಿಡಬಹುದು. ಹತ್ತು ಮಹಡಿಯ ಕಟ್ಟಡವನ್ನೇ ನೆತ್ತಿಯಿಂದ ಬುಡದವರೆಗೆ ಮುಚ್ಚಿದರೆ ಎಲ್ಲಿಗೆ ತಿರುಗಬೇಕು?

ಹೀಗೆ ಮುಚ್ಚಲು ಬಳಸುವುದು ಸಣ್ಣ ಸಣ್ಣ ತೂತುಗಳಿರುವ ವಿನೈಲ್ ಹಾಳೆ. ಗಾಳಿ ಹಾದುಹೋಗಲಿ, ಹಾಳೆ ಉಬ್ಬಿ ಕಿತ್ತುಬರದಿರಲಿ ಎಂದು ಆ ತೂತು. ಒಳಗಿರುವವರಿಗೂ ಅದರ ಮೂಲಕ ಹೊರಗಿನದು ಕಾಣುತ್ತದಂತೆ. ಕಾಣುತ್ತದೆ, ನಿಜ. ಆಕಾಶವೆಲ್ಲ ಚುಕ್ಕೆ ಚುಕ್ಕೆ, ಮಟಮಟ ಮಧ್ಯಾಹ್ನವೂ ದೀಪ ಬೇಕು. ಬಾಡಿಗೆ ಮಾಲೀಕನಿಗೆ, ಮಬ್ಬು ಮಾತ್ರ ಕಿಟಕಿಯ ಪಕ್ಕ ಕುಳಿತವನಿಗೆ.

ಇದಕ್ಕೆ ಸಿಗುವ ಒಳ್ಳೆಯ ನೆಪ ದುರಸ್ತಿ. ಸುಮಾರು 2010ರ ಹೊತ್ತಿಗೆ ವೆನಿಸ್‌ನ ನಿಟ್ಟುಸಿರಿನ ಸೇತುವೆಯ ಜೀರ್ಣೋದ್ಧಾರ ನಡೆದಾಗ ಅದರ ಸುತ್ತಲಿನ ಗೋಡೆಗಳನ್ನು ದೈತ್ಯ ಜಾಹೀರಾತುಗಳು ಆವರಿಸಿದ್ದವು. ಕೆಲಸಕ್ಕೆ ಹಣ ಅವುಗಳಿಂದಲೇ ಬರುತ್ತದೆ ಎಂಬುದು ಅಲ್ಲಿನ ಆಡಳಿತದ ಸಮರ್ಥನೆ. ಹಳೆಯ ಕಲ್ಲಿನ ಕೆಲಸಕ್ಕೆ ದುಡ್ಡು ಸುಮ್ಮನೆ ಹುಟ್ಟುವುದಿಲ್ಲ, ಒಪ್ಪುತ್ತೇನೆ. ಆದರೆ ದುರಸ್ತಿಗೆಂದು ಕಟ್ಟಿದ ಸಾರುವೆ ಇರುವಷ್ಟು ದಿನ ಬಾಡಿಗೆ ಬರುವುದಾದರೆ, ಸಾರುವೆ ಬಿಚ್ಚುವ ಅವಸರ ಯಾರಿಗಿರುತ್ತದೆ? ಅನುಮತಿ ಪತ್ರದಲ್ಲೇ ಕೊನೆಯ ದಿನಾಂಕ ನಮೂದಾಗಬೇಕು, ಅದು ದಾಟಿದರೆ ದಂಡ ಬೀಳಬೇಕು.

ಬ್ರೆಜಿಲ್‌ನ ಸಾವೊ ಪೌಲೊ ಇನ್ನೂ ಕಠಿಣವಾಗಿ ನಡೆದುಕೊಂಡಿತು. ಮೇಯರ್ ಗಿಲ್ಬರ್ಟೊ ಕಸಾಬ್ ಅವರ ಕಾಲದಲ್ಲಿ, 2006ರಲ್ಲಿ, 'ಶುಚಿ ನಗರ' ಕಾನೂನು ಬಂತು. ಮರುವರ್ಷ ಜಾರಿಗೊಂಡಾಗ ಸುಮಾರು 15,000 ಫಲಕಗಳು ಇಳಿದವು. ಅಂಗಡಿಯ ನಾಮಫಲಕಕ್ಕೂ ಅಳತೆ ಗೊತ್ತುಮಾಡಲಾಯಿತು. ಜಾಹೀರಾತು ಉದ್ಯಮ ಕೋರ್ಟ್ ಮೆಟ್ಟಿಲೇರಿತು, ನಗರಾಡಳಿತ ಜಗ್ಗಲಿಲ್ಲ.

ಫಲಕ ಇಳಿದ ಮೇಲೆ ಊರೇನೂ ಒಮ್ಮೆಗೇ ಸುಂದರವಾಗಲಿಲ್ಲ. ಗಾರೆ ಉದುರಿದ ಗೋಡೆಗಳು, ಜಾಹೀರಾತಿಲ್ಲದ ಬರಿಯ ಕಬ್ಬಿಣದ ಚೌಕಟ್ಟುಗಳು ಬಯಲಿಗೆ ಬಂದವು. ಫಲಕಗಳ ಮರೆಯಲ್ಲಿದ್ದ ಕೊಳೆಗೇರಿಗಳು ಕಂಡವು; ವಲಸೆ ಕಾರ್ಮಿಕರು ದುಡಿದು ಅಲ್ಲೇ ಮಲಗುತ್ತಿದ್ದ ಕಾರ್ಖಾನೆಗಳು ಕಂಡವು. ನನ್ನ ಮಟ್ಟಿಗೆ ಆ ಕಾನೂನಿನ ದೊಡ್ಡ ಲಾಭ ಇದೇ. ಅಂದಗೆಟ್ಟ ಗೋಡೆ ಕಣ್ಣಿಗೆ ಬಿದ್ದರೆ ಸುಣ್ಣಬಣ್ಣ ಮಾಡಿಸಿ ಎಂದು ಯಾರಾದರೂ ಕೇಳಿಯಾರು. ನಗುವ ಚೆಲುವೆಯ ಚಿತ್ರದ ಹಿಂದೆ ಅಡಗಿದ್ದರೆ ಕೇಳುವವರು ಯಾರು?

ಕೆಲವು ವರ್ಷಗಳ ಬಳಿಕ ಅಲ್ಲಿ ಜಾಹೀರಾತು ಮರಳಿ ಬಂತು: ಬಸ್ ತಂಗುದಾಣಗಳಲ್ಲಿ, ಬೀದಿ ಗಡಿಯಾರಗಳ ಮೇಲೆ, ಆಳೆತ್ತರದ ಆಸುಪಾಸಿನಲ್ಲಿ. ಅವುಗಳ ನಿರ್ವಹಣೆಯ ಹೊಣೆಯೂ ಜಾಹೀರಾತಿನ ಗುತ್ತಿಗೆ ಪಡೆದವರದೇ. ಅಷ್ಟಕ್ಕೆ ನನ್ನ ತಕರಾರಿಲ್ಲ. ನಮಸ್ಕಾರ.