ರಸ್ತೆ ಬದಿಯ ವೀರಗಲ್ಲನ್ನು ಓದುವುದು ಹೇಗೆ?

[ದೃಶ್ಯ: ಊರ ಮುಂದಿನ ಅರಳಿಕಟ್ಟೆ, ಪಕ್ಕದಲ್ಲಿ ಅರ್ಧ ಹೂತ ಕಲ್ಲು]

ಹಳೇ ಮೈಸೂರು ಸೀಮೆ ಇರಲಿ, ಮಲೆನಾಡಿರಲಿ, ಕೆರೆ ಏರಿಯ ಮೇಲೋ ಬಸ್ ಸ್ಟಾಪಿನ ಹಿಂದೆಯೋ ಇಂಥ ಕಲ್ಲು ಕಣ್ಣಿಗೆ ಬೀಳುತ್ತದೆ. ಇದು ವೀರಗಲ್ಲು, ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲು. ಅರಮನೆಯ ದಾಖಲೆಗಳಲ್ಲಿ ಹೆಸರೇ ಬಾರದ ಊರವರ ಚರಿತ್ರೆ ಉಳಿದಿರುವುದು ಇಂಥ ಕಲ್ಲುಗಳಲ್ಲೇ.

[ದೃಶ್ಯ: ಮೂರು ಹಂತದ ವೀರಗಲ್ಲು, ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ]

ಚಿತ್ರಗಳನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನದು ಕಾಳಗ. ವೀರನ ಪಕ್ಕದಲ್ಲಿ ದನಗಳಿದ್ದರೆ ಅದು ತುರುಗೋಳ್, ಅಂದರೆ ದನ ಹೊಡೆದುಕೊಂಡು ಹೋದವರ ಜೊತೆ ನಡೆದ ಹೋರಾಟ. ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ, ತುದಿಯಲ್ಲಿ ಸೂರ್ಯಚಂದ್ರ. ಬರಹ ಇದ್ದರೆ ಸಾಮಾನ್ಯವಾಗಿ ಹಂತಗಳ ನಡುವಿನ ಪಟ್ಟಿಗಳಲ್ಲಿ ಇರುತ್ತದೆ.

ಇಲ್ಲೇ ಒಂದು ತೊಂದರೆ. ರಸ್ತೆಗೆ ಪ್ರತಿ ಸಲ ಡಾಂಬರು ಹಾಕಿದಾಗಲೂ ನೆಲ ಏರುತ್ತದೆ. ಮೊದಲು ಮುಚ್ಚಿಹೋಗುವುದೇ ಕೆಳಗಿನ ಹಂತ. ವೀರ ಯಾಕೆ ಸತ್ತ ಎಂದು ಹೇಳುವ ಭಾಗವೇ ಅದು.

ಕಂಬದಿಂದ ಚಾಚಿದ ಬಳೆ ತೊಟ್ಟ ಕೈ ಕಂಡರೆ ಅದು ಮಾಸ್ತಿಕಲ್ಲು, ಅಂದರೆ ಸತಿ ಹೋದ ಹೆಂಗಸಿನ ನೆನಪಿನ ಕಲ್ಲು. ಕೊಡೆ ಹಿಡಿದ ವಾಮನನಿದ್ದರೆ ಬಹುಪಾಲು ದತ್ತಿ ಭೂಮಿಯ, ಅಂದರೆ ದಾನ ಬಿಟ್ಟ ಭೂಮಿಯ ಎಲ್ಲೆಗಲ್ಲು.

[ದೃಶ್ಯ: ಆತಕೂರು ಶಾಸನದ ಹತ್ತಿರದ ಚಿತ್ರ, ಹಂದಿಯ ಮೇಲೆ ಎಗರಿದ ನಾಯಿ]

ಈಗ ಒಂದು ಕಲ್ಲನ್ನು ಹತ್ತಿರದಿಂದ ನೋಡೋಣ. ಮಂಡ್ಯ ಜಿಲ್ಲೆಯ ಆತಕೂರಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಲ್ಲಿ ಕತ್ತಿ ಹಿಡಿದ ವೀರನೇ ಇಲ್ಲ, ನಾಯಿಯೂ ಕಾಡುಹಂದಿಯೂ ಕಾದಾಡುತ್ತಿವೆ. ರಾಷ್ಟ್ರಕೂಟರ ಸಾಮಂತ, ಗಂಗರ ಇಮ್ಮಡಿ ಬೂತುಗನ ಕಡೆಯ ಮಣಲೆರ, ಚೋಳ ರಾಜಾದಿತ್ಯ ಸತ್ತ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ. ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ‘ಕಾಳಿ’ ಎಂಬ ನಾಯಿಯನ್ನು. ಆ ಕಾಳಿ ಬೇಟೆಯಲ್ಲಿ ದೊಡ್ಡ ಹಂದಿಯೊಂದನ್ನು ಎದುರಿಸಿತು, ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆ ಮಾಡದೆ ಗೊರವ (ಶೈವ ಪೂಜಾರಿ) ಉಣ್ಣಬಾರದು ಎಂದು ಬರೆಸಿದರು. ರಾಷ್ಟ್ರಕೂಟ–ಚೋಳ ಯುದ್ಧದ ಮುಖ್ಯ ಸಾಕ್ಷಿಯೊಂದು ನಮಗೆ ದಕ್ಕಿರುವುದು ಒಂದು ನಾಯಿಯ ನೆನಪಿನಿಂದ!

ಈ ಕಲ್ಲಿನ ಕಾಲ ಲೆಕ್ಕ ಹಾಕುವಾಗ ಅನೇಕರು ಎಡವುತ್ತಾರೆ. ಇಸವಿ ಸಿಗಲು ಶಕವರ್ಷಕ್ಕೆ 78 ಕೂಡಿಸಿ ಎನ್ನುತ್ತಾರೆ. ಶಾಸನದಲ್ಲಿರುವುದು ಶಕ 872, ಸೌಮ್ಯ ಸಂವತ್ಸರ. ಕೂಡಿಸಿದರೆ 950. ಆದರೆ ಅರವತ್ತು ವರ್ಷಕ್ಕೊಮ್ಮೆ ಮರಳುವ ಸೌಮ್ಯ ಸಂವತ್ಸರ ಇತ್ತೀಚೆಗೆ ಬಂದದ್ದು 1969ರ ಯುಗಾದಿಗೆ. ಅರವತ್ತರಂತೆ 17 ಸಲ ಕಳೆಯಿರಿ, 949 ಸಿಗುತ್ತದೆ. ಯಾಕೆಂದರೆ 872 ಆಗ ನಡೆಯುತ್ತಿದ್ದ ವರ್ಷ, ಮುಗಿದದ್ದು 871. 78 ಕೂಡಿಸಬೇಕಾದದ್ದು ಮುಗಿದ ವರ್ಷಕ್ಕೆ. ಸಂವತ್ಸರದ ಹೆಸರು ಓದಲು ಬಂದರೆ ಇಸವಿಯನ್ನು ಹೀಗೆ ತಾಳೆ ನೋಡದೆ ಬರೆಯಬೇಡಿ.

[ದೃಶ್ಯ: ಕತ್ತಲಲ್ಲಿ ಪಕ್ಕದಿಂದ ಟಾರ್ಚ್ ಬೆಳಕು, ಅಕ್ಷರಗಳು ಎದ್ದು ಕಾಣುತ್ತವೆ]

ಅಕ್ಷರ ಕಾಣದಿದ್ದರೆ ಸೀಮೆಸುಣ್ಣ, ಹಿಟ್ಟು, ಬಣ್ಣ ಬಳಿಯಬೇಡಿ. ತಪ್ಪು ಗೆರೆಯ ಮೇಲೆ ಬಣ್ಣ ಹೋದರೆ ಮುಂದಿನವರೆಲ್ಲ ಅದನ್ನೇ ಅಕ್ಷರ ಎಂದು ಓದುತ್ತಾರೆ. ತಂತಿ ಬ್ರಷ್, ಆಸಿಡ್ ಕಲ್ಲಿನ ಹತ್ತಿರ ಸುಳಿಯಲೇಬಾರದು. ಬರೀ ನೀರು, ಮೆತ್ತನೆ ಬ್ರಷ್ ಸಾಕು. ಸಂಜೆಯ ಮೇಲೆ ಎರಡು ಮೂರು ಅಡಿ ದೂರದಲ್ಲಿ, ಕಲ್ಲಿನ ಮೈಗೆ ಸಮನಾಗಿ ಟಾರ್ಚ್ ಹಿಡಿಯಿರಿ. ಎಡದಿಂದ, ಬಲದಿಂದ, ಮೇಲಿನಿಂದ ಬೆಳಕು ಬಿಟ್ಟು, ಕ್ಯಾಮೆರಾ ನೇರವಾಗಿಟ್ಟು, ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ಬೇರೆಬೇರೆ ಫೋಟೋ ತೆಗೆಯಿರಿ. ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿದು, ಮಸಿ ಒತ್ತಿ ತೆಗೆಯುವ ಪಡಿಯಚ್ಚು ಕಲಿತವರ ಕೆಲಸ. ಕಾಗದ ಹರಿದರೆ ಮಸಿ ಕಲ್ಲಿಗಿಳಿಯುತ್ತದೆ.

ಆಮೇಲೆ ಕರ್ನಾಟಕದ ಶಾಸನಗಳನ್ನು ಅಚ್ಚು ಹಾಕಿದ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಹುಡುಕಿ. ಬಿ. ಎಲ್. ರೈಸ್ ಅವರ ಹಳೆಯ ಆವೃತ್ತಿಯಲ್ಲಿ ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆಗಳಿವೆ. ಶಿಕಾರಿಪುರ 176 ಎಂದರೆ ತಾಳಗುಂದದ ಸ್ತಂಭ ಶಾಸನ. ಸಂಪುಟಗಳು ಜಿಲ್ಲಾವಾರು ಇರುವುದರಿಂದ ನೋಡಬೇಕಾದದ್ದು ಅಂದಿನ ಜಿಲ್ಲೆ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ, ಹಾಗಾಗಿ ಅಲ್ಲಿನ ಶಾಸನಗಳು ಮೈಸೂರು ಜಿಲ್ಲೆಯ 3 ಮತ್ತು 4ನೇ ಸಂಪುಟಗಳಲ್ಲಿವೆ.

[ದೃಶ್ಯ: ರಸ್ತೆ ಅಗಲೀಕರಣ, ಜೆಸಿಬಿ]

ರಸ್ತೆ ಅಗಲ ಮಾಡಲು ಗುರುತು ಹಾಕಿದ್ದರೆ ಗ್ರಾಮ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ಫೋಟೋ, ಲೊಕೇಶನ್ ಸಮೇತ ಕೂಡಲೇ ಬರೆದು ಕೊಡಿ. ಕಲ್ಲನ್ನು ಸರಿಸಲೇಬೇಕಾದರೆ ಅದು ಯಾವ ದಿಕ್ಕಿಗೆ ಮುಖ ಮಾಡಿತ್ತು, ಗುಡಿಯಿಂದ, ಕೆರೆ ತೂಬಿನಿಂದ ಎಷ್ಟು ದೂರವಿತ್ತು ಎಂದು ಅಳೆದು ಬರೆದಿಡಿ. ದತ್ತಿ ಭೂಮಿಯ ಎಲ್ಲೆ ಹೇಳುವಾಗ ಶಾಸನಗಳು ಕೆರೆ, ಹಳ್ಳ, ಕಲ್ಲುಗಳನ್ನೇ ಗುರುತಾಗಿ ಹಿಡಿಯುತ್ತವೆ. ಜಾಗ ತಪ್ಪಿದ ಮೇಲೆ ಆ ಸಾಲುಗಳನ್ನು ನೆಲಕ್ಕೆ ಹೊಂದಿಸಲು ಆಗುವುದಿಲ್ಲ.