ಮಗುವಿಗೆ ನೆರವು, ಮನೆಯ ಮೂಲಕ

ಕೇಳುಗರಿಗೆ ನಮಸ್ಕಾರ.

ಬಡತನ, ಕಾಯಿಲೆ, ತಂದೆ ತಾಯಿಯರ ನಿರುದ್ಯೋಗ, ಮನೆಯೊಳಗಿನ ಹಿಂಸೆ, ಇವುಗಳ ನಡುವೆ ಬೆಳೆಯುವ ಮಕ್ಕಳಿಗೆ ಸರ್ಕಾರ ಹೇಗೆ ನೆರವಾಗಬೇಕು ಎಂಬುದು ಇಂದಿನ ಮಾತಿನ ವಿಷಯ. ಈ ಪ್ರಶ್ನೆಗೆ ಅನೇಕ ದೇಶಗಳು ಬಹುಕಾಲ ಕೊಟ್ಟ ಉತ್ತರ ಹೆಚ್ಚುಕಡಿಮೆ ಒಂದೇ ಬಗೆಯದಾಗಿತ್ತು: ಮನೆಯವರಿಗೆ ಸಾಕಲು ಆಗದಿದ್ದರೆ ಮಗುವನ್ನು ತಂದು ಒಂದು ಸಂಸ್ಥೆಯಲ್ಲಿಡುವುದು. ಅಲ್ಲಿ ಊಟವಿದೆ, ಹಾಸಿಗೆಯಿದೆ, ಪಾಠವಿದೆ, ಇನ್ನೇನು ಬೇಕು ಎಂಬ ಭಾವನೆ ಅದರ ಹಿಂದಿತ್ತು. ಈ ಭಾವನೆ ತಪ್ಪೆಂದು ನಾನು ನಂಬುತ್ತೇನೆ. ಮಗುವಿನ ಹೆಸರಿನಲ್ಲಿ ಕೊಡುವ ನೆರವು ಮೊದಲು ಆ ಮಗುವನ್ನು ಸಾಕುತ್ತಿರುವವರ ಕೈಯನ್ನು ಬಲಪಡಿಸಬೇಕು, ಮನೆ ಕುಸಿಯುವ ಮೊದಲೇ ತಲುಪಬೇಕು, ಮತ್ತು ಆ ಮಗು ಬೆಳೆದು ತನ್ನ ಕಾಲ ಮೇಲೆ ನಿಲ್ಲುವ ತನಕ ನಡುವೆ ಕಡಿದುಹೋಗಬಾರದು.

ಸಂಸ್ಥೆಗಳನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ರೊಮೇನಿಯಾ ದೇಶ ಜಗತ್ತಿಗೆ ತೋರಿಸಿತು. ಅಲ್ಲಿ 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿ ಜನಸಂಖ್ಯೆ ಹೆಚ್ಚಿಸಲು ಹೊರಟ ಸರ್ಕಾರ, ಹುಟ್ಟಿದ ಮಕ್ಕಳನ್ನು ಸಾಕಲು ಬೇಕಾದ ಆಸರೆಯನ್ನು ಕುಟುಂಬಗಳಿಗೆ ಕೊಡಲಿಲ್ಲ. 1989ರ ಕೊನೆಗೆ ಆ ಆಡಳಿತ ಉರುಳಿದಾಗ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಸರ್ಕಾರಿ ಸಂಸ್ಥೆಗಳಲ್ಲಿದ್ದರು. ಅವರಲ್ಲಿ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ ಬದುಕಿದ್ದರು. ಮುಂದೆ ಬುಕಾರೆಸ್ಟ್ ನಗರದಲ್ಲಿ ಸಂಶೋಧಕರು ಇಂಥ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ತರಬೇತಿ ಪಡೆದ ಸಾಕು ಕುಟುಂಬಗಳಿಗೆ ಒಪ್ಪಿಸಿ, ಉಳಿದವರ ಬೆಳವಣಿಗೆಯೊಂದಿಗೆ ಅವರ ಬೆಳವಣಿಗೆಯನ್ನು ವರ್ಷಗಟ್ಟಲೆ ಹೋಲಿಸಿ ನೋಡಿದರು. ಮಕ್ಕಳನ್ನು ಹೀಗೆ ಎರಡು ಗುಂಪು ಮಾಡಿದ್ದು ನ್ಯಾಯವೇ ಎಂಬ ಪ್ರಶ್ನೆ ಆಗಲೂ ಎದ್ದಿತು, ಈಗಲೂ ಮನಸ್ಸನ್ನು ಕಲಕುತ್ತದೆ. ಆದರೆ ಆ ಹೊತ್ತಿಗೆ ಆ ನಗರದಲ್ಲಿ ಸಾಕು ಕುಟುಂಬಗಳ ವ್ಯವಸ್ಥೆ ಇಲ್ಲವೆನ್ನುವಷ್ಟು ಕಡಿಮೆ ಇದ್ದುದರಿಂದ ಅದನ್ನು ಸಂಶೋಧಕರೇ ಕಟ್ಟಬೇಕಾಗಿತ್ತು. ಕುಟುಂಬ ಸೇರಿದ ಮಕ್ಕಳ ಮಾತು, ಬುದ್ಧಿಶಕ್ತಿ, ಒಬ್ಬರನ್ನು ನಂಬಿ ಅಂಟಿಕೊಳ್ಳುವ ಸ್ವಭಾವ, ಎಲ್ಲವೂ ಸಂಸ್ಥೆಯಲ್ಲಿ ಉಳಿದವರಿಗಿಂತ ಚೆನ್ನಾಗಿ ಬೆಳೆದವು. ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸೇರಿದವರಲ್ಲಿ ಈ ಸುಧಾರಣೆ ಇನ್ನೂ ಹೆಚ್ಚಾಗಿ ಕಂಡಿತು. ನೆರವು ತಡವಾದರೆ ಅದರ ಬೆಲೆಯನ್ನು ತೆರುವುದು ಮಗುವೇ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನಗೆ ಗೊತ್ತಿಲ್ಲ.

ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಮೆರಿಕವೊಂದನ್ನು ಬಿಟ್ಟು ಅದರ ಎಲ್ಲ ಸದಸ್ಯ ರಾಷ್ಟ್ರಗಳೂ ಸ್ಥಿರೀಕರಿಸಿವೆ. ಮಗುವನ್ನು ಬೆಳೆಸುವ ಮೊದಲ ಹೊಣೆ ತಂದೆ ತಾಯಿಯರದು, ಆ ಹೊಣೆಯನ್ನು ನಿರ್ವಹಿಸಲು ಅವರಿಗೆ ತಕ್ಕ ನೆರವು ಕೊಡುವುದು ಸರ್ಕಾರದ ಕರ್ತವ್ಯ ಎಂದು ಅದರ 18ನೆಯ ವಿಧಿ ಹೇಳುತ್ತದೆ. 2009ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಒಪ್ಪಿದ ಪರ್ಯಾಯ ಪಾಲನೆಯ, ಅಂದರೆ ಹೆತ್ತವರಿಂದ ದೂರವಾದ ಮಕ್ಕಳನ್ನು ಬೇರೆಯವರು ನೋಡಿಕೊಳ್ಳುವ ವ್ಯವಸ್ಥೆಯ, ಮಾರ್ಗಸೂಚಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಣಕಾಸಿನ ಬಡತನ ಒಂದೇ ಕಾರಣಕ್ಕೆ ಮಗುವನ್ನು ಹೆತ್ತವರಿಂದ ಎಂದೂ ಬೇರ್ಪಡಿಸಬಾರದು, ಅಂಥ ಸ್ಥಿತಿ ಕಂಡರೆ ಆ ಕುಟುಂಬಕ್ಕೆ ಆಸರೆ ಬೇಕಾಗಿದೆಯೆಂದು ತಿಳಿಯಬೇಕು ಎನ್ನುತ್ತವೆ. ಹಿಂಸೆ ಅಥವಾ ದುರ್ಬಳಕೆಗೆ ಗುರಿಯಾದ ಮಗುವನ್ನು ತಕ್ಷಣ ಹೊರತರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಡತನವನ್ನು ನಿರ್ಲಕ್ಷ್ಯವೆಂದು ಬರೆದುಕೊಳ್ಳುವ ತನಿಖಾ ವರದಿ ಆ ಮಗುವಿಗೆ ಅನ್ಯಾಯ ಮಾಡುತ್ತದೆ.

ಹಾಗಾದರೆ ಆಸರೆ ಯಾವ ರೂಪದಲ್ಲಿರಬೇಕು? ಮೊದಲನೆಯದು ಹಣ, ಇದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ಮೆಕ್ಸಿಕೋ 1997ರಲ್ಲಿ ಆರಂಭಿಸಿದ ಯೋಜನೆಯಲ್ಲಿ ನಗದು ನೇರವಾಗಿ ತಾಯಂದಿರ ಕೈ ಸೇರುತ್ತಿತ್ತು. ಮಕ್ಕಳು ಶಾಲೆಗೆ ಬರಬೇಕು, ಆರೋಗ್ಯ ತಪಾಸಣೆ ತಪ್ಪಬಾರದು ಎಂಬುದು ಷರತ್ತು. ಮಗು ಮೇಲಿನ ತರಗತಿಗೆ ಹೋದಂತೆ ಮೊತ್ತವೂ ಏರುತ್ತಿತ್ತು, ಪ್ರೌಢಶಾಲೆಯ ಹಂತದಲ್ಲಿ ಹುಡುಗಿಯರಿಗೆ ಹುಡುಗರಿಗಿಂತ ಹೆಚ್ಚು ದೊರೆಯುತ್ತಿತ್ತು. ದುಡಿದು ತರಬಲ್ಲ ವಯಸ್ಸಿಗೆ ಬಂದ ಮಗುವನ್ನು ಶಾಲೆಯಲ್ಲಿ ಉಳಿಸುವುದೇ ಬಡ ಮನೆಗೆ ಕಷ್ಟವೆಂದೂ, ಹುಡುಗಿಯರು ಓದನ್ನು ಬಿಡುವುದು ಆ ಹಂತದಲ್ಲೇ ಎಂದೂ ಅದನ್ನು ರೂಪಿಸಿದವರಿಗೆ ಗೊತ್ತಿತ್ತು. ಷರತ್ತಿಲ್ಲದೆ ಕೊಟ್ಟರೂ ಹಣ ಕೆಲಸ ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಒಂದು ವರ್ಷದ ಅನುಭವವೇ ಸಾಕು. 2021ರಲ್ಲಿ ಅಲ್ಲಿ ಮಕ್ಕಳಿಗಾಗಿ ಕೊಡುವ ತೆರಿಗೆ ರಿಯಾಯಿತಿಯನ್ನು ಹಿಗ್ಗಿಸಿ, ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ಮನೆಗಳಿಗೂ ಪೂರ್ತಿ ಮೊತ್ತ ಸಿಗುವಂತೆ ಮಾಡಿ, ಅದರ ಅರ್ಧವನ್ನು ತಿಂಗಳು ತಿಂಗಳು ತಲುಪಿಸಿದರು. ಸರ್ಕಾರಿ ನೆರವನ್ನೂ ಲೆಕ್ಕಕ್ಕೆ ಹಿಡಿಯುವ ಬಡತನದ ಅಳತೆಯ ಪ್ರಕಾರ ಆ ವರ್ಷ ಮಕ್ಕಳ ಬಡತನ ಶೇ. 5.2ಕ್ಕೆ ಇಳಿಯಿತು. ಆ ವಿಸ್ತರಣೆಯನ್ನೂ ಕೋವಿಡ್ ಕಾಲದ ಇತರ ನೆರವನ್ನೂ ನಿಲ್ಲಿಸಿದ ಮರುವರ್ಷ, 2022ರಲ್ಲಿ, ಅದು ಶೇ. 12.4ಕ್ಕೆ ಏರಿತು. ಒಂದೇ ವರ್ಷದಲ್ಲಿ ತಂದೆ ತಾಯಿಯರ ಶ್ರದ್ಧೆಯೇನೂ ಬದಲಾಗಿರಲಿಲ್ಲ. ಬದಲಾದದ್ದು ನೀತಿ.

ಹಣವೊಂದೇ ಸಾಲದು ಎಂಬುದೂ ನಿಜವೇ. ಮಿಷಿಗನ್ ರಾಜ್ಯದಲ್ಲಿ 1962ರಲ್ಲಿ ಆರಂಭವಾದ ಪೆರ್ರಿ ಶಿಶುವಿಹಾರದ ಅಧ್ಯಯನ ಇಂದಿಗೂ ನೀತಿ ರೂಪಿಸುವವರ ಬಾಯಲ್ಲಿದೆ. ಬಡ ಕುಟುಂಬಗಳ 123 ಮಕ್ಕಳಲ್ಲಿ 58 ಮಕ್ಕಳಿಗೆ ಮೂರು ನಾಲ್ಕನೆಯ ವಯಸ್ಸಿನಲ್ಲಿ ಒಳ್ಳೆಯ ಶಿಶು ಶಿಕ್ಷಣ ಸಿಕ್ಕಿತು. ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಕಂಡ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿತು. ಆದರೂ ನಲವತ್ತನೆಯ ವಯಸ್ಸಿನಲ್ಲಿ ಮತ್ತೆ ವಿಚಾರಿಸಿದಾಗ, ಆ ಮಕ್ಕಳಲ್ಲಿ ಪ್ರೌಢಶಿಕ್ಷಣ ಮುಗಿಸಿದವರೂ ಹೆಚ್ಚು ಸಂಪಾದಿಸುವವರೂ ಇತರರಿಗಿಂತ ಜಾಸ್ತಿ ಇದ್ದರು, ಪೊಲೀಸರ ಕೈಗೆ ಪದೇ ಪದೇ ಸಿಕ್ಕವರು ಕಡಿಮೆ ಇದ್ದರು. ಇದನ್ನು ಉದಾಹರಿಸುವವರು ಹೆಚ್ಚಾಗಿ ಮರೆಯುವ ಸಂಗತಿಯೊಂದಿದೆ: ಆ ಶಿಕ್ಷಕಿಯರು ಪ್ರತಿ ವಾರ ಮಗುವಿನ ಮನೆಗೆ ಹೋಗಿ, ಸುಮಾರು ಒಂದೂವರೆ ಗಂಟೆ ತಾಯಿ ಮತ್ತು ಮಗುವಿನೊಂದಿಗೆ ಕುಳಿತು ಕೆಲಸ ಮಾಡುತ್ತಿದ್ದರು. ಕಟ್ಟಡಕ್ಕೆ ಹಣವಿಟ್ಟು ಈ ಭೇಟಿಯ ಖರ್ಚನ್ನು ಕೈಬಿಡುವ ಯೋಜನೆಯಿಂದ ಅದೇ ಫಲವನ್ನು ನಿರೀಕ್ಷಿಸುವುದು ಸರಿಯಲ್ಲ.

ಮನೆಗೆ ಹೋಗುವ ಈ ಕೆಲಸ ಸೂಕ್ಷ್ಮವಾದದ್ದು. ಬಾಗಿಲು ತಟ್ಟುವವರು ತಪ್ಪು ಹುಡುಕಲು ಬಂದಿದ್ದಾರೆಂದು ತಾಯಿಗೆ ಅನ್ನಿಸಿದರೆ ಅವಳು ನಿಜವನ್ನು ಹೇಳುವುದಿಲ್ಲ. ಮಗುವನ್ನು ಕಿತ್ತುಕೊಂಡು ಹೋದಾರೆಂಬ ಭಯವಿರುವಲ್ಲಿ ನೆರವನ್ನು ಕೇಳುವ ಧೈರ್ಯವೂ ಹುಟ್ಟುವುದಿಲ್ಲ. ಆದ್ದರಿಂದ ತನಿಖೆ ಮಾಡುವವರು ಬೇರೆ, ಜೊತೆಗೆ ನಿಲ್ಲುವವರು ಬೇರೆ ಆಗಿರುವುದು ಒಳ್ಳೆಯದು. ಹೀಗೆ ಜೊತೆಗೆ ನಿಲ್ಲುವ ಕಾರ್ಯಕರ್ತೆಗೆ ನೋಡಿಕೊಳ್ಳಲಾಗದಷ್ಟು ಮನೆಗಳನ್ನು ಹೊರಿಸಬಾರದು, ಮತ್ತು ವರ್ಷಕ್ಕೊಬ್ಬರು ಬದಲಾಗದಂತೆ ಅವರ ಕೆಲಸಕ್ಕೆ ಭದ್ರತೆಯೂ ಇರಬೇಕು.

ಇನ್ನು ಯುವಜನರ ವಿಚಾರ. ನನಗೆ ಅತ್ಯಂತ ಕಳವಳ ಉಂಟುಮಾಡುವುದು ಇದೇ. ಹೆತ್ತವರ ಮನೆಯಲ್ಲಿ ಬೆಳೆದವರಿಗೆ ಹದಿನೆಂಟು ತುಂಬಿದ ಮರುದಿನ ಯಾರೂ ಮನೆಯಿಂದ ಹೊರಡು ಎನ್ನುವುದಿಲ್ಲ. ಕೆಲಸ ಹೋದರೆ, ಓದು ನಿಂತರೆ ಅವರು ಮರಳಿ ಬರಲು ಒಂದು ಮನೆಯಿರುತ್ತದೆ. ಸರ್ಕಾರದ ಪಾಲನೆಯಲ್ಲಿ ಬೆಳೆದವರಿಗೆ ಮಾತ್ರ ಆ ಹುಟ್ಟುಹಬ್ಬ ಒಂದು ಗಡುವಾಗುತ್ತದೆ. ಸ್ಕಾಟ್ಲೆಂಡ್ 2014ರ ಕಾನೂನಿನ ಮೂಲಕ ಇಂಥವರು 21 ವರ್ಷದವರೆಗೆ ಇದ್ದಲ್ಲೇ ಉಳಿಯಲು, 26 ವರ್ಷದವರೆಗೆ ಸಲಹೆ ಮತ್ತು ನೆರವನ್ನು ಕೇಳಲು ದಾರಿ ಮಾಡಿತು. ಐರೋಪ್ಯ ಒಕ್ಕೂಟ 2013ರಲ್ಲಿ ಒಪ್ಪಿದ ಯುವ ಭರವಸೆ ಯೋಜನೆಯು, ಓದು ಬಿಟ್ಟ ಅಥವಾ ಕೆಲಸ ಕಳೆದುಕೊಂಡ ಯುವಜನರಿಗೆ ನಾಲ್ಕು ತಿಂಗಳೊಳಗೆ ಉದ್ಯೋಗವನ್ನೋ, ಮುಂದಿನ ಶಿಕ್ಷಣವನ್ನೋ, ವೃತ್ತಿ ತರಬೇತಿಯನ್ನೋ ಒದಗಿಸುವ ಗುರಿಯಿಟ್ಟುಕೊಂಡಿತು. ಗಡುವನ್ನು ಯುವಕನ ಮೇಲೆ ಹೇರದೆ ಆಡಳಿತದ ಮೇಲೆ ಹೇರಿದ್ದರಲ್ಲಿ ಆ ಯೋಜನೆಯ ಹಿರಿಮೆಯಿದೆ.

ಇಂಥ ನಿಯಮಗಳನ್ನು ಬರೆಯುವ ಕೋಣೆಯಲ್ಲಿ ಅವುಗಳನ್ನು ಬದುಕಿ ನೋಡಿದವರು ಸಾಮಾನ್ಯವಾಗಿ ಇರುವುದಿಲ್ಲ. ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಒಡಂಬಡಿಕೆಯ 12ನೆಯ ವಿಧಿ ಮಗುವಿಗೇ ಕೊಟ್ಟಿರುವಾಗ, ಪಾಲನಾ ಸಂಸ್ಥೆಯಿಂದ ಹೊರಬಂದ ಯುವತಿಯನ್ನು ಆ ಸಂಸ್ಥೆಯ ನಿಯಮಗಳ ಪರಿಶೀಲನಾ ಸಮಿತಿಯಲ್ಲಿ ಕೂರಿಸಲು ಅಡ್ಡಿಯೇನೂ ಇಲ್ಲ. ನೆರವಿನ ಅರ್ಜಿ ನಮೂನೆಯನ್ನು ಅಚ್ಚಿಗೆ ಕಳಿಸುವ ಮೊದಲು ಅದನ್ನು ತುಂಬಬೇಕಾದ ಕೆಲವು ತಾಯಂದಿರ ಕೈಗೆ ಕೊಟ್ಟು, ಅವರು ಎಲ್ಲಿ ತಡೆಯುತ್ತಾರೆ, ಯಾವ ದಾಖಲೆಯನ್ನು ತರಲಾರರು ಎಂದು ನೋಡಿ ಗುರುತು ಹಾಕಿಕೊಳ್ಳಲು ಅಧಿಕಾರಿಗಳಿಗೆ ಒಂದು ದಿನ ಸಾಕು. ಈ ಎರಡು ಕೆಲಸಗಳಿಗೆ ಹೊಸ ಕಾನೂನೂ ಬೇಡ, ದೊಡ್ಡ ಅನುದಾನವೂ ಬೇಡ; ಇವುಗಳಿಂದಲೇ ಆರಂಭಿಸಬಹುದು.

ನಮಸ್ಕಾರ.